ಚಂದ್ರಣ್ಣನ ನಷ್ಟ ಮತ್ತು ಸುಮನಾ ಅವರ ಪಿಎಚ್.ಡಿ.

ಸಂಶೋಧನೆಗೆ ಜನ ಬೇಕು. ಜನ ತಾವಾಗಿ ಬರುವುದಿಲ್ಲ, ಕರೆತರಬೇಕು. ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತ ಆ ಕರೆತರುವ ಕೆಲಸವನ್ನು ನಿವೃತ್ತಿಯಾಗುವವರೆಗೂ ಮಾಡಿದವಳು ನಾನು. ಆಫೀಸಿನ ಕಾಗದದಲ್ಲಿ ನನ್ನ ಹುದ್ದೆ ‘ಕ್ಷೇತ್ರ ಸಂಯೋಜಕಿ’. ಊರವರ ಬಾಯಲ್ಲಿ ‘ಸರ್ವೆ ರತ್ನಕ್ಕ’. ಮೊದಲನೆಯ ಹೆಸರು ಹೇಳಿದರೆ ಕಿಟಕಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದರು, ಎರಡನೆಯದಕ್ಕೆ ಬಾಗಿಲು ತೆಗೆಯುತ್ತಿದ್ದರು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಫೋನು ಮಾಡುತ್ತಿರುತ್ತಾರೆ. “ಅಕ್ಕ, ಜನ ಒಪ್ತಾನೇ ಇಲ್ಲ, ಏನ್ ಮಾಡೋದು?” ಎಲ್ಲರಿಗೂ ಅದೇ ಮಾತು ಹೇಳಿ ಗಂಟಲು ಒಣಗಿತು, ಅದಕ್ಕೆ ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾರು ನನಗೆ ಹಾರ ಹಾಕಿದರು ಎಂಬುದೆಲ್ಲ ಇಲ್ಲಿಲ್ಲ. ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ.

ನನ್ನಪ್ಪ ಗಂಡಸಿ ಸಂತೆಯಲ್ಲಿ ದನದ ವ್ಯಾಪಾರದ ದಲ್ಲಾಳಿ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳಲ್ಲೇ ಬೆಲೆ ಕುದುರಿಸುವುದು ಆ ವ್ಯಾಪಾರದ ಪದ್ಧತಿ. ಕೆಳಗೆ ಬೆರಳು ನಿಜವಾದ ಬೆಲೆ ಹೇಳುತ್ತಿದ್ದರೆ ಮೇಲೆ ಬಾಯಿ “ಅಯ್ಯೋ, ಈ ಎತ್ತಿಗೆ ಇಷ್ಟಾ” ಎಂದು ಗೋಳಾಡುತ್ತಿರುತ್ತದೆ. ಆ ಗೋಳಾಟ ನೋಡುತ್ತ ಬೆಳೆದವಳು ನಾನು. ಎಸ್ಸೆಸ್ಸೆಲ್ಸಿ ಆದಮೇಲೆ ಸೀರೆಗೆ ಫಾಲ್ಸ್ ಹಾಕಿದೆ, ಕಂತಿನ ಮೇಲೆ ಪಾತ್ರೆ ಮಾರಿದೆ, ಆಮೇಲೆ ದಿನಗೂಲಿಯ ಮೇಲೆ ಮನೆ ಮನೆ ಸರ್ವೆಗೆ ಸೇರಿದೆ. ಪಾತ್ರೆ ಮಾರಿದವಳಿಗೆ ಪ್ರಶ್ನಾವಳಿ ತುಂಬಿಸುವುದು ಕಷ್ಟವಲ್ಲ. ಎರಡಕ್ಕೂ ಮೊದಲು ಅವರ ಮನೆಯ ಕರುವಿನ ಆರೋಗ್ಯ ವಿಚಾರಿಸಬೇಕು.

ನನ್ನ ಸರ್ವೀಸಿನ ಕೊನೆಯ ವರ್ಷಗಳಲ್ಲಿ ಬಂದವರು ಸುಮನಾ. ಮೈಸೂರಿನವರು, ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಆಟಿಸಂ ಇರುವವರು ಎದುರಿಗಿರುವವರ ಭಾವನೆಗಳನ್ನು ಹೇಗೆ ಗ್ರಹಿಸುತ್ತಾರೆ ಎಂಬುದು ಅವರ ವಿಷಯ. ಅದನ್ನು ಮನೆ ಮನೆಗೆ ಅರ್ಥ ಮಾಡಿಸುವುದು ನನ್ನ ಪಾಲಿಗೆ ಬಂತು. ಬಾಣಾವರದಲ್ಲಿ ಒಬ್ಬ ಅಜ್ಜಿಗೆ ಹೇಳಿದೆ: “ಎದುರಿಗಿರೋರಿಗೆ ಕೋಪ ಬಂದೈತಾ, ದುಃಖ ಆಗೈತಾ ಅಂತ ಆಟಿಸಂ ಇರೋರಿಗೆ ಹೆಂಗೆ ತಿಳಿಯುತ್ತೆ ಅಂತ ನೋಡ್ತಾರಂತೆ.” ಅಜ್ಜಿ ಎಲೆ ಅಡಿಕೆ ಒಂದು ಕಡೆ ಒತ್ತಿಕೊಂಡು, “ನಮ್ಮೆಜಮಾನ್ರಿಗೆ ಐವತ್ತು ವರ್ಷದಿಂದ ತಿಳಿದಿಲ್ಲ, ಅವರ್ನೂ ಬರ್ಕೊಳವ್ವ” ಅಂದಳು. ಸುಮನಾ ನಗದೆ, “ಆಟಿಸಂ ಇಲ್ಲದವರೂ ಬೇಕು ರತ್ನಕ್ಕ, ಹೋಲಿಸಿ ನೋಡೋಕೆ” ಅಂದರು. ಅಜ್ಜನನ್ನೂ ಬರೆದುಕೊಂಡೆವು. ಮುಖಗಳ ಫೋಟೋ ತೋರಿಸಿ, ಇವರಿಗೆ ಏನನ್ನಿಸುತ್ತಿದೆ ಎಂದು ಕೇಳುವುದು ಪರೀಕ್ಷೆ. ಅಜ್ಜ ಎಲ್ಲ ಫೋಟೋಗೂ “ಹಸಿವಾಗಿರಬೇಕು” ಅಂದ.

ಮೊದಲ ಬುದ್ಧಿಮಾತು ಕೊಠಡಿಯ ಬಗ್ಗೆ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಮಹಡಿ ಮೇಲೊಂದು ರೂಮು ಹಿಡಿದೆ. ಓನರ್ ಜೊತೆ ಚೌಕಾಸಿ ಮಾಡಿ, ಅರ್ಧ ಬಾಡಿಗೆಗೆ ಇಳಿಸಿ, ಫ್ಯಾನನ್ನೂ ಹಾಕಿಸಿಕೊಂಡು ಬೀಗುತ್ತಿದ್ದೆ. ಓನರ್ ಯಾಕೆ ಅಷ್ಟು ಸುಲಭವಾಗಿ ಒಪ್ಪಿದ ಎಂಬುದು ಮೊದಲ ದಿನವೇ ತಿಳಿಯಿತು. ರೈಲು ಕೂಗಿದಾಗಲೆಲ್ಲ ಬಂದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಒಬ್ಬ ಹುಡುಗಿ ಮೇಜಿನ ಕೆಳಗೆ ಕೂತವಳು ಸಂಜೆಯವರೆಗೂ ಎದ್ದು ಬರಲಿಲ್ಲ. ಸುಮನಾ ಅವಳನ್ನು ಏಳಿಸಲಿಲ್ಲ. ಫ್ಯಾನು ಆರಿಸಿ, ತಾವೂ ನೆಲದ ಮೇಲೆ ಕೂತರು. ಫ್ಯಾನೂ ಗರಗರ ಅನ್ನುತ್ತಿತ್ತಂತೆ, ನನಗೆ ಕೇಳಿಸಿರಲಿಲ್ಲ. ಮರುವಾರ ಹಳೇಬೀಡಿನಲ್ಲಿ ಒಂದು ಶಾಲೆಯ ಹಿಂದಿನ ಕೊಠಡಿಯನ್ನು ಭಾನುವಾರಗಳಿಗೆ ಕೇಳಿ ಪಡೆದೆವು. ಮಕ್ಕಳೇ, ರೂಮು ಅಗ್ಗಕ್ಕೆ ಸಿಕ್ಕರೆ ಕಣ್ಣು ಮುಚ್ಚಿ ಹತ್ತು ನಿಮಿಷ ಅಲ್ಲಿ ಕೂತು ಕೇಳಿಸಿಕೊಳ್ಳಿ.

ಎರಡನೆಯದು ಆಮಿಷದ ಬಗ್ಗೆ. ಜನ ಬರಲಿ ಅಂತ ನಾನು, “ಬಂದೋರಿಗೆ ಸರ್ಟಿಫಿಕೇಟ್ ಕೊಡ್ತೀವಿ” ಅಂದುಬಿಟ್ಟೆ. ಸೀಲು ಇರುತ್ತಾ ಅಂದರು, ಇರುತ್ತೆ ಅಂದೆ. ನಮ್ಮ ಕಡೆ ಸೀಲು ಇರುವ ಕಾಗದಕ್ಕೆ ಇರುವ ಗೌರವ ಗೊತ್ತಿದ್ದೂ ಅಂದೆ. ಹೋಲಿಕೆಗೆ ಬೇಕಾದ ಮಕ್ಕಳ ಅಪ್ಪ ಅಮ್ಮಂದಿರು ಇದ್ಯಾವುದೋ ನವೋದಯದ ಥರದ ಪರೀಕ್ಷೆ ಎಂದುಕೊಂಡರು. ಮೊದಲ ಬ್ಯಾಚಿನ ಮಕ್ಕಳಿಂದ ಕೇಳಿ ತಿಳಿದುಕೊಂಡು ಟ್ಯೂಷನ್ ಮೇಷ್ಟ್ರೊಬ್ಬರು ಕೋಚಿಂಗ್ ಶುರುಮಾಡಿಯೇ ಬಿಟ್ಟರು. ಎರಡನೇ ಬ್ಯಾಚಿನ ಮಕ್ಕಳು ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಬಂದು ಕೂತು, ಫೋಟೋ ತೋರಿಸುವ ಮೊದಲೇ, “ಹುಬ್ಬು ಗಂಟಾದರೆ ಕೋಪ, ತುಟಿ ಇಳಿದರೆ ದುಃಖ, ಬಾಯಿ ತೆರೆದರೆ ಆಶ್ಚರ್ಯ” ಎಂದು ಮಗ್ಗಿ ಒಪ್ಪಿಸಿದವು. ಆ ಬ್ಯಾಚನ್ನು ಪೂರ್ತಿ ಕೈಬಿಡಬೇಕಾಯಿತು. ಸುಮನಾ ಅವರ ಗೈಡ್ ಪ್ರೊಫೆಸರ್ ಮೈಸೂರಿನಿಂದ ಫೋನು ಮಾಡಿ ಅರ್ಧ ಗಂಟೆ ಮಾತಾಡಿದರು. ಅವರಿಗೆ ಸಿಟ್ಟು ಬಂದಿದೆ ಅಂತ ಗೊತ್ತಾಗಲು ಯಾವ ಮಗ್ಗಿಯೂ ಬೇಕಿರಲಿಲ್ಲ.

ಇನ್ನು ಫೋಟೋಗಳ ಕಥೆ. ಮೊದಲು ಬಂದದ್ದು ಹೊರದೇಶದವರ ಮುಖಗಳು. ನಮ್ಮವರು ಕೋಪ, ದುಃಖ ಎಲ್ಲ ಬಿಟ್ಟು “ಇವರು ಯಾವೂರೋರು?” ಅಂತ ಕೇಳುತ್ತಿದ್ದರು. ಇಲ್ಲಿನ ಮುಖಗಳೇ ಬೇಕು ಎಂದು ಸುಮನಾ ನಿರ್ಧರಿಸಿದರು. ಮುಖ ತಂದುಕೊಡುವ ಗುತ್ತಿಗೆ ನನ್ನದು. ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಮಾಡುವ ಒಬ್ಬರನ್ನು ಒಪ್ಪಿಸಿ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಕೋಪ ಮಾಡಿ ಅಂದರೆ ಮೀಸೆ ತಿರುವಿ, ಎದೆ ಉಬ್ಬಿಸಿ, ಕ್ಯಾಮರಾದವನೇ ಒಂದು ಹೆಜ್ಜೆ ಹಿಂದೆ ಹೋಗುವಂತೆ ನೋಡಿದರು. ದುಃಖ ಮಾಡಿ ಅಂದಾಗ ಕೈಕಟ್ಟಿ ನಿಂತುಬಿಟ್ಟರು.

“ಯಾಕಣ್ಣ?”

“ಪೆಟ್ಟಿಗೆ ಎಲ್ಲವ್ವ?”

“ಯಾವ ಪೆಟ್ಟಿಗೆ?”

“ಹಾರ್ಮೋನಿಯಂ. ಶ್ರುತಿ ಇಲ್ದೆ ಅಳು ಎಲ್ಲಿಂದ ಬತ್ತದೆ?”

ಹಾರ್ಮೋನಿಯಂ ತರಿಸಿದೆವು. ಅದನ್ನು ನುಡಿಸಲು ನಾಟಕದ ಮೇಷ್ಟ್ರು ಬಂದರು. ಮೇಷ್ಟ್ರಿಗೆ ಟೀ ಬಂತು. ಕೊನೆಗೆ ಒಂದು ಅಳು ಮುಖ ಸಿಕ್ಕಿತು. ಇಷ್ಟೆಲ್ಲ ಆಗಿ, ಹಳೇಬೀಡಿನ ಆ ಶಾಲೆಯ ಕೊಠಡಿಯಲ್ಲಿ ಪ್ರದೀಪ ಎಂಬ ಹುಡುಗನ ಮುಂದೆ ಸುಮನಾ ಆ ಫೋಟೋ ಇಟ್ಟು, “ಇವರಿಗೆ ಏನಾಗ್ತಿದೆ ಅನ್ಸುತ್ತೆ?” ಅಂದರು.

ಪ್ರದೀಪ ಬಹಳ ಹೊತ್ತು ನೋಡಿದ. “ಫೋಟೋ ತೆಗೆಸ್ಕೊಳ್ತಿದಾರೆ” ಅಂದ.

“ಅದು ಸರಿ. ಮನಸ್ಸಿನಲ್ಲಿ?”

“ಮನಸ್ಸಿನಲ್ಲಿ ಫೋಟೋ ಚೆನ್ನಾಗಿ ಬರಲಿ ಅಂತ ಇದೆ.”

ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ಉತ್ತರದ ಹಾಳೆಯಲ್ಲಿ ಅದಕ್ಕೆ ಸೊನ್ನೆ ಹಾಕಬೇಕಿತ್ತು. ಸುಮನಾ ಪೆನ್ನು ಹಿಡಿದವರು ಹಾಗೇ ಕೂತಿದ್ದರು.

ಈ ಪ್ರದೀಪನ ವಿಷಯಕ್ಕೇ ಬರುತ್ತೇನೆ. ಮಿಕ್ಕದ್ದೆಲ್ಲ ಅದಕ್ಕೆ ದಾರಿ.

ಅವನಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಹಳೇಬೀಡಿನವನು. ತಾಯಿ ಗೌರಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವರು, ಆ ಭಾನುವಾರದ ಕೊಠಡಿಯ ಬೀಗ ಅವರ ಕೈಯಲ್ಲೇ ಇರುತ್ತಿತ್ತು. ಮಗ ಪಿಯುಸಿ ಮುಗಿಸಿದ್ದ. ಬೇಕರಿಗೆ ಸೇರಿಸಿದರು, ಮಿಕ್ಸಿಯ ಸದ್ದಿಗೆ ಆಗಲಿಲ್ಲ. ಮೆಡಿಕಲ್ ಶಾಪಿಗೆ ಸೇರಿಸಿದರು, “ಗಿರಾಕಿ ಮುಖ ನೋಡಿ ಮಾತಾಡಲ್ಲ” ಎಂದು ಕಳಿಸಿದರು. ಆಮೇಲೆ ಬೇಲೂರು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಚಂದ್ರಣ್ಣನ ಸೀರೆ ಅಂಗಡಿ ಸಿಕ್ಕಿತು. ಸೀರೆ ಮಡಿಸಿ ಬಣ್ಣದ ಪ್ರಕಾರ ಜೋಡಿಸುವ ಕೆಲಸ. ಅದು ಅವನಿಗೆ ಹಿಡಿಸಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ. ಆದರೆ ಚಂದ್ರಣ್ಣ ಈಗ ಒಂದು ಗಡುವು ಹಾಕಿದ್ದ: ಗೌರಿ ಹಬ್ಬದ ವ್ಯಾಪಾರ ಮುಗಿಯುವುದರೊಳಗೆ ಹುಡುಗ ಸರಿಹೋದರೆ ಇರಲಿ, ಇಲ್ಲದಿದ್ದರೆ ಮನೆಗೆ.

ಗೌರಮ್ಮನ ಹತ್ತಿರ ಒಪ್ಪಿಗೆ ಕೇಳಲು ಹೋದಾಗ ಆಕೆ ಅನ್ನ ಬಸಿಯುತ್ತ ನೇರವಾಗಿ ಮಾತಿಗೆ ಬಂದರು. “ನೋಡಕ್ಕ, ನಿಮ್ಮ ಫೋಟೋ ನೋಡಕ್ಕೆ ನನ್ನ ಮಗನ್ನ ಎಷ್ಟು ಸಲ ಬೇಕಾದ್ರೂ ಕಳಿಸ್ತೀನಿ. ಅವನ ಕೆಲಸ ಉಳಿಸ್ಕೊಡಿ. ಮುಖ ನೋಡಿ ತಿಳ್ಕೊಳದು ಅದೇನೈತೋ, ಅದನ್ನ ಹೇಳ್ಕೊಡಿ. ಈ ಸಲಾನೂ ವಾಪಸ್ ಬಂದ್ರೆ ಇನ್ನ ಅವನು ಎಲ್ಲಿಗೂ ಹೋಗಲ್ಲ ಅಂತಾನೆ. ನಂಗೊತ್ತು, ಅಂದ್ರೆ ಹಂಗೇ ಮಾಡ್ತಾನೆ.”

“ಆಯ್ತು ಬಿಡಿ, ಅದು ನನ್ನ ಜವಾಬ್ದಾರಿ” ಅಂದೆ. ವ್ಯಾಪಾರದಲ್ಲಿ ಮೊದಲು ಮಾತು ಕೊಟ್ಟು ಆಮೇಲೆ ಸರಕು ಹುಡುಕುವ ಅಭ್ಯಾಸ ನನ್ನದು.

ಸುಮನಾ ಒಪ್ಪಲಿಲ್ಲ. “ಹಾಗೆಲ್ಲ ಮಾತು ಕೊಡೋ ಹಾಗಿಲ್ಲ ರತ್ನಕ್ಕ. ನಾನು ಮುಖ ಓದೋದು ಕಲಿಸೋಕೆ ಬಂದಿಲ್ಲ, ಅವನು ಹೇಗೆ ಓದ್ತಾನೆ ಅಂತ ಕಲಿಯೋಕೆ ಬಂದಿದೀನಿ. ಮತ್ತೆ ಒಪ್ಪಿಗೆ ಕೇಳಬೇಕಾದ್ದು ಅಮ್ಮನ್ನ ಅಲ್ಲ, ಅವನನ್ನ.” ಒಪ್ಪಿಗೆ ಪತ್ರವನ್ನು ಅವನಿಗೇ ಕೊಟ್ಟರು. ಅಲ್ಲಿಯವರೆಗೆ ಬಂದ ಯಾರೂ ಓದದ ಆ ಪತ್ರವನ್ನು ಅವನು ಕೊನೆಯ ಸಾಲಿನವರೆಗೆ ಓದಿ, “ಮಧ್ಯದಲ್ಲಿ ಬಿಡಬಹುದು ಅಂತ ಇದೆ. ನಿಜವಾಗ್ಲೂ ಬಿಡಬಹುದಾ?” ಅಂತ ಕೇಳಿದ. ಬಿಡಬಹುದು ಅಂದಮೇಲೆ ಸಹಿ ಹಾಕಿದ. ಆ ಅಳು ಮುಖದ ಫೋಟೋ ಅವನ ಮುಂದಿಟ್ಟದ್ದು ಇದಾದ ಮೇಲೆ. ಅದು ಮುಗಿದ ದಿನ ಸುಮನಾ ನನ್ನ ಕಡೆ ತಿರುಗಿ, “ಈಗ ಆ ಅಂಗಡಿಯಲ್ಲಿ ಏನು ನಡೀತಿದೆ ನೋಡೋಣ. ಕಲಿಸೋಕಲ್ಲ, ನೋಡೋಕೆ” ಅಂದರು. ಅವನನ್ನೂ ಚಂದ್ರಣ್ಣನನ್ನೂ ಕೇಳಿಯೇ ಹೋದೆವು.

ಬೇಲೂರು ಕಡೆಯವರಿಗೆ ಚಂದ್ರಣ್ಣನನ್ನು ಪರಿಚಯ ಮಾಡಿಕೊಡುವ ಅಗತ್ಯವಿಲ್ಲ, ಅಂಥವನು ಪ್ರತಿ ಪೇಟೆಯಲ್ಲೂ ಒಬ್ಬ ಇರುತ್ತಾನೆ. ಗಿರಾಕಿ ಕಡಿಮೆ ಬೆಲೆ ಕೇಳಿದ ತಕ್ಷಣ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿಯುತ್ತಾನೆ. “ಅಮ್ಮ, ಈ ರೇಟಿಗೆ ಕೊಟ್ರೆ ನಷ್ಟ ಕಣಮ್ಮ ನಂಗೆ. ಅಂಗಡಿ ಮುಚ್ಚಿ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಊರು ಬಿಡಬೇಕಾಗ್ತದೆ.” ಇದು ಅವನ ಮೊದಲ ಮಾತು. ಗಿರಾಕಿ ಇನ್ನಷ್ಟು ಇಳಿಸುತ್ತಾಳೆ, ಅವನು ಇನ್ನಷ್ಟು ಕುಸಿಯುತ್ತಾನೆ, ಕೊನೆಗೆ ಇಬ್ಬರೂ ಸಂತೋಷವಾಗಿ ಸೀರೆ ಪ್ಯಾಕ್ ಮಾಡಿಸುತ್ತಾರೆ. ನಮಗೆಲ್ಲ ಅದು ವ್ಯಾಪಾರ.

ನಾವು ಹೋದ ದಿನ ಒಬ್ಬ ಹೆಂಗಸು ನೀಲಿ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತ ಬೆಲೆ ಕೇಳಿದಳು. ಚಂದ್ರಣ್ಣ ಕುಸಿದ. ಊರು ಬಿಡುವ ಮಾತು ಬಂತು. ಪ್ರದೀಪ ಮಡಿಸುತ್ತಿದ್ದ ಸೀರೆ ಬಿಟ್ಟು ಓಡಿ ಬಂದ. ಚಂದ್ರಣ್ಣನ ಕೈಗೆ ನೀರಿನ ಲೋಟ ಕೊಟ್ಟ. ಆ ಹೆಂಗಸಿನ ಹೆಗಲಿನಿಂದ ಸೀರೆ ಮೆಲ್ಲಗೆ ಎಳೆದುಕೊಂಡು ಮಡಿಸುತ್ತ ಹೇಳಿದ: “ಬೇಡಮ್ಮ. ಇವರಿಗೆ ತುಂಬ ಕಷ್ಟ ಆಗ್ತಿದೆ. ನೀವು ಬೇರೆ ಅಂಗಡಿಗೆ ಹೋಗಿ.”

ಹೆಂಗಸು ಹೋಗಿಯೇ ಬಿಟ್ಟಳು.

“ನೋಡಿದ್ರಾ ಮೇಡಂ?” ಚಂದ್ರಣ್ಣ ಲೋಟ ಹಿಡಿದುಕೊಂಡೇ ಸುಮನಾ ಕಡೆ ತಿರುಗಿದ. “ಇದು ದಿನಾ ಮೂರ್ನಾಲ್ಕು ಸಲ. ಇವನಿಗೆ ಮನುಷ್ಯರ ಮುಖ ತಿಳಿಯಲ್ಲ ಅಂದ್ರೆ ಸುಮ್ನೆ ಅಂತೀನಾ ನಾನು?”

ಅಂಗಡಿಯಿಂದ ಹೊರಟೆವು. ಯಗಚಿ ಹೊಳೆಯ ಸೇತುವೆಗೆ ಬಂದಾಗ ಸುಮನಾ ಹೇಳಿದರು: “ರತ್ನಕ್ಕ, ಅಲ್ಲಿ ಕಷ್ಟ ಇದೆ ಅಂತ ಅವನಿಗೆ ಗೊತ್ತಾಯ್ತು. ಪರಿಹಾರಾನೂ ಮಾಡಿದ. ಅದು ನಕಲಿ ಕಷ್ಟ ಅನ್ನೋದಷ್ಟೇ ಅವನಿಗೆ ಯಾರೂ ಹೇಳಿಲ್ಲ. ನಮ್ಮ ಫೋಟೋದಲ್ಲೂ ನಕಲಿನೇ ಇಟ್ಟಿದೀವಿ, ಅದನ್ನ ನಕಲಿ ಅಂತ ಅವನೇ ಹೇಳಿದ, ನಾನು ಸೊನ್ನೆ ಹಾಕೋಕೆ ಹೊರಟಿದ್ದೆ.” ಅವರ ಪ್ರಬಂಧ ದಿಕ್ಕು ಬದಲಿಸಿದ್ದು ಆ ಸೇತುವೆಯ ಮೇಲೆ. ನನಗೆ ಆಗ ಅದು ಪೂರ್ತಿ ಅರ್ಥವಾಗಲಿಲ್ಲ. ‘ಯಾರೂ ಹೇಳಿಲ್ಲ’ ಎಂಬ ಮಾತೊಂದೇ ಕಿವಿಗೆ ಬಿತ್ತು. ಹೇಳುವುದು ತಾನೇ, ನಾನು ಹೇಳುತ್ತೇನೆ ಎಂದುಕೊಂಡೆ.

ಮರುದಿನ ಸುಮನಾ ಅವರಿಗೆ ತಿಳಿಸದೆ ಪ್ರದೀಪನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ. “ನೋಡಪ್ಪ, ಚಂದ್ರಣ್ಣ ನಷ್ಟ ಅಂದ್ರೆ ನಷ್ಟ ಅಲ್ಲ. ಊರು ಬಿಡ್ತೀನಿ ಅಂದ್ರೆ ಬಿಡಲ್ಲ. ಎದೆ ಹಿಡ್ಕೊಂಡ್ರೆ ಎದೆನೋವಲ್ಲ. ಅದು ವ್ಯಾಪಾರದ ಮಾತು.”

“ಸುಳ್ಳಾ?”

“ಸುಳ್ಳಲ್ಲ. ವ್ಯಾಪಾರ.”

“ಗಿರಾಕಿಗೆ ಗೊತ್ತಾ?”

“ಎಲ್ಲರಿಗೂ ಗೊತ್ತು ಕಣಪ್ಪ.”

ಅವನ ಮುಖ ಹಗುರವಾಯಿತು. ಯಜಮಾನರಿಗೆ ಕಷ್ಟವಿಲ್ಲವಲ್ಲ ಎಂದು ಸಮಾಧಾನವಾಗಿರಬೇಕು. ನಾನು ದೊಡ್ಡ ಕೆಲಸ ಮುಗಿಸಿದವಳ ಹಾಗೆ ಬಸ್ಸು ಹತ್ತಿದೆ.

ಎರಡೇ ದಿನಕ್ಕೆ ಚಂದ್ರಣ್ಣನ ಫೋನು. “ರತ್ನಮ್ಮೋರೇ, ಏನ್ ಹೇಳ್ಕೊಟ್ರಿ ಇವನಿಗೆ?” ಆಗಿದ್ದು ಇಷ್ಟು. ಗಿರಾಕಿಯೊಬ್ಬಳು ರೇಷ್ಮೆ ಸೀರೆ ಹಿಡಿದು ಕೂತಿದ್ದಾಗ ಚಂದ್ರಣ್ಣ ಕುಸಿದಿದ್ದಾನೆ. ಆ ಹೆಂಗಸು ಹೊಸಬಳು, ಗಾಬರಿಯಾಗಿ “ಅಯ್ಯೋ, ಏನಾಯ್ತು ಇವರಿಗೆ?” ಅಂದಿದ್ದಾಳೆ. ಪ್ರದೀಪ ಮಡಿಸುವುದನ್ನು ನಿಲ್ಲಿಸದೆ, “ಏನೂ ಆಗಿಲ್ಲ ಅಮ್ಮ. ಬೆಳಿಗ್ಗೆಯಿಂದ ಎಲ್ಲರಿಗೂ ಹೀಗೇ ಮಾಡಿದಾರೆ. ನಷ್ಟ ಅಂದ್ರೆ ನಷ್ಟ ಅಲ್ಲ, ನೀವು ಇನ್ನೂ ಕಡಿಮೆ ಕೇಳಬಹುದು” ಅಂದಿದ್ದಾನೆ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕು, ಎಲ್ಲರೂ ಕಡಿಮೆ ಕೇಳಿದ್ದಾರೆ.

ಸುಮನಾಗೆ ವಿಷಯ ತಿಳಿದು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರೂ ಬೈಯುವುದರಲ್ಲಿ ಪ್ರೊಫೆಸರ್ ಮಟ್ಟಕ್ಕೆ ಬಂದಿದ್ದರು. ಆಮೇಲೆ ತಾವೇ ತಡೆಯಲಾರದೆ ನಕ್ಕರು.

ಅಷ್ಟರಲ್ಲಿ ಅವರ ಕೆಲಸದ ವಿಧಾನ ಬದಲಾಗಿತ್ತು. ಫೋಟೋಗಳು ಪೆಟ್ಟಿಗೆ ಸೇರಿದ್ದವು. ಟ್ಯಾಬಿನಲ್ಲಿ ನಿಜವಾದ ಮಾತುಕತೆಯ ವಿಡಿಯೋ, ಬರೀ ದನಿ, ಬರೀ ಮುಖ, ಹೀಗೆ ಬೇರೆ ಬೇರೆ ತೋರಿಸಿ ಕೇಳುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ದಾರಿ. ರೈಲಿನ ಸದ್ದಿಗೆ ಮೇಜಿನ ಕೆಳಗೆ ಕೂತಿದ್ದ ಹುಡುಗಿ ಮುಖ ನೋಡಿ ಚಕಚಕ ಹೇಳುತ್ತಿದ್ದಳು. ಪ್ರದೀಪ ಮುಖ ನೋಡಿದರೆ ಮಾತು ಕೇಳಿಸುವುದಿಲ್ಲ, ಮಾತು ಕೇಳಿದರೆ ಮುಖ ಕಾಣುವುದಿಲ್ಲ ಅನ್ನುತ್ತಿದ್ದ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳುತ್ತಿದ್ದ. ಆಟಿಸಂ ಇಲ್ಲದ ನಮ್ಮಲ್ಲಿ ಯಾರೂ ಹಾಗೆ ಹೇಳಿದ್ದು ನಾನು ಕೇಳಲಿಲ್ಲ, ನಾವು ತಪ್ಪಾದರೂ ಗಟ್ಟಿಯಾಗಿ ಹೇಳುತ್ತಿದ್ದೆವು.

ಇದು ನನಗೆ ಗೊತ್ತಾದದ್ದು ಹೀಗೆ. ಸುಮನಾ ಒಂದು ದಿನ ಪ್ರದೀಪನ ಒಪ್ಪಿಗೆ ಪಡೆದು ಅವನ ವಿಡಿಯೋವನ್ನು ನಮಗೆ ತೋರಿಸಿದರು. ದನಿ ತೆಗೆದಿದ್ದರು. ಹುಬ್ಬು ಗಂಟಾಗಿತ್ತು, ಕೈ ಜೋರಾಗಿ ಆಡುತ್ತಿತ್ತು, ನೋಟ ಗೋಡೆಯ ಮೇಲೆ. “ಇವನಿಗೆ ಏನಾಗ್ತಿದೆ?” ಅಂದರು. ಸಂತೆಯಲ್ಲಿ ಬೆಳೆದವಳು, ನನ್ನನ್ನು ಕೇಳಬೇಕೆ? “ಕೋಪ. ಚಂದ್ರಣ್ಣನ ಮೇಲೆ” ಅಂದೆ. ಶಾಲೆಯ ಹೆಡ್‌ಮಾಸ್ಟರ್ “ಹೆದರಿಕೆ” ಅಂದರು. ದನಿ ಹಾಕಿದರು. ಹಬ್ಬಕ್ಕೆ ಬಂದ ಹೊಸ ಸ್ಟಾಕಿನಲ್ಲಿ ಒಂದು ಹಸಿರು ಇದೆ, ಅದು ಹಳೆಯ ಎರಡು ಹಸಿರುಗಳ ಮಧ್ಯೆ ಸರಿಯಾಗಿ ಕೂರುತ್ತದೆ, ಅಲ್ಲಿ ಜಾಗ ಖಾಲಿ ಇತ್ತು ಎಂದು ಸಂಭ್ರಮದಿಂದ ಹೇಳುತ್ತಿದ್ದ. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. ನಾನು ಟೀ ತರುತ್ತೇನೆಂದು ಎದ್ದೆ.

ಗೌರಿ ಹಬ್ಬ ಬಂತು, ಹೋಯಿತು. ಹಬ್ಬದ ಮಾರನೇ ವಾರ ಚಂದ್ರಣ್ಣ ಗೌರಮ್ಮನಿಗೆ ಹೇಳಿ ಕಳಿಸಿದ. ಗೌರಮ್ಮ ನನ್ನನ್ನು ಕರೆದರು. “ಮಾತು ಕೊಟ್ಟಿದ್ರಲ್ಲ ಅಕ್ಕ, ಬನ್ನಿ.” ಸುಮನಾ ತಾವೂ ಬರುತ್ತೇನೆಂದರು. ನಾಲ್ಕು ಜನ ಕೂತರೆ ತುಂಬುವ ಅಂಗಡಿ. ಅರೇಹಳ್ಳಿ ಕಡೆಯ ಒಬ್ಬ ಹೆಂಗಸು ಮೊದಲೇ ಬಂದು ಸೀರೆ ಹರವಿಕೊಂಡು ಕೂತಿದ್ದಳು. ಅವಳು ಏಳಲಿಲ್ಲ, ಇಂಥದ್ದು ಬಿಟ್ಟು ಯಾರು ಏಳುತ್ತಾರೆ?

“ನಂಗಾಗಲ್ಲ ರತ್ನಮ್ಮೋರೇ” ಚಂದ್ರಣ್ಣ ಶುರುಮಾಡಿದ. “ಹುಡುಗ ಒಳ್ಳೇವ್ನು. ಆದ್ರೆ ಇವನನ್ನ ಇಟ್ಕೊಂಡ್ರೆ ನಾನು ನಿಜವಾಗ್ಲೂ ಊರು ಬಿಡಬೇಕು.”

“ಅರ್ಧ ದಿನ ಇಟ್ಕೊಳ್ಳಿ.”

“ಅರ್ಧ ದಿನಕ್ಕೆ ಅರ್ಧ ಅಂಗಡಿ ಮುಳುಗುತ್ತೆ.”

“ನಾನು ನಮ್ಮ ಕಡೆ ಮದುವೆಗಳನ್ನೆಲ್ಲ ನಿಮ್ಮಂಗಡಿಗೆ ಕಳಿಸ್ತೀನಿ.”

“ಕಳಿಸಿ. ಇವನು ವಾಪಸ್ ಕಳಿಸ್ತಾನೆ.”

ಅವನು ಎದೆ ಹಿಡಿದ. ನಾನು ತಲೆ ಚಚ್ಚಿಕೊಂಡೆ. ಎಷ್ಟು ಹೊತ್ತಾದರೂ ಬೆಲೆ ಕೂಡದಿದ್ದಾಗ ಮಾಡಬೇಕಾದ ಕೊನೆಯ ಕೆಲಸ ಒಂದಿದೆ: ಎದ್ದು ಹೊರಡುವುದು. “ಬಾ ಗೌರಮ್ಮ, ಬೇಲೂರಲ್ಲಿ ಇದೊಂದೇ ಅಂಗಡಿನಾ?” ಎಂದು ಎದ್ದೆ. ಕಿರಿಯರಿಗೆ ಹೇಳುತ್ತೇನೆ, ಎದ್ದು ಹೊರಡುವುದರಲ್ಲೂ ಕಸುಬಿದೆ. ಬಾಗಿಲವರೆಗೆ ಬೇಗ ಹೋಗಬೇಕು, ಚಪ್ಪಲಿ ಮಾತ್ರ ನಿಧಾನವಾಗಿ ಮೆಟ್ಟಬೇಕು. ಅಷ್ಟರಲ್ಲಿ ಅಂಗಡಿಯವನು ಕರೆಯುತ್ತಾನೆ. ನಾನು ಬಲಗಾಲಿನ ಚಪ್ಪಲಿಯ ಪಟ್ಟಿ ಸಿಗಿಸುತ್ತ, ಬಿಚ್ಚುತ್ತ ನಿಂತಿದ್ದೆ. ಚಂದ್ರಣ್ಣ ಕರೆಯಲಿಲ್ಲ. ಅವನಿಗೂ ಆ ಕಸುಬು ಗೊತ್ತಲ್ಲ.

ಪ್ರದೀಪ ಕಪಾಟಿನ ಹತ್ತಿರದಿಂದ ಬಂದು ನನ್ನ ಮುಂದೆ ನಿಂತ. ನನ್ನ ಕಾಲಿನ ಕಡೆ ನೋಡುತ್ತ ಕೇಳಿದ: “ನೀವು ನಿಜವಾಗ್ಲೂ ಹೋಗ್ತಿದೀರಾ, ವ್ಯಾಪಾರಕ್ಕೆ ಹೋಗ್ತಿದೀರಾ?”

ಇಷ್ಟು ವರ್ಷದ ಚೌಕಾಸಿಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೋಗುತ್ತಿದ್ದೇನೆ ಅಂದರೆ ಹುಡುಗ ನಂಬುತ್ತಾನೆ, ತನ್ನ ಊಟದ ಡಬ್ಬಿ ತೆಗೆದುಕೊಂಡು ಹಿಂದೆಯೇ ಬರುತ್ತಾನೆ. ಚಂದ್ರಣ್ಣನಿಗೆ ಬೇಕಾದದ್ದೂ ಅದೇ.

“ವ್ಯಾಪಾರಕ್ಕೆ ಕಣಪ್ಪ” ಅಂದೆ.

ಅರೇಹಳ್ಳಿಯ ಹೆಂಗಸು ಕಿಸಕ್ಕನೆ ನಕ್ಕಳು. ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. ಪ್ರದೀಪ ಚಂದ್ರಣ್ಣನ ಕಡೆ ತಿರುಗಿದ.

“ನೀವು ಇಬ್ಬರೂ ವ್ಯಾಪಾರ ಮಾಡ್ತಿದೀರಿ. ಅಮ್ಮ ಮಾಡ್ತಿಲ್ಲ. ಅಮ್ಮನಿಗೆ ಭಯ ಆಗಿದೆ.”

ನಾವೆಲ್ಲ ಗೌರಮ್ಮನ ಕಡೆ ನೋಡಿದೆವು. ಆಕೆಯ ಮುಖದಲ್ಲಿ ಏನೂ ಇರಲಿಲ್ಲ, ಬಿಸಿಯೂಟದ ಸಾಲಿನ ಮುಂದೆ ಸೌಟು ಹಿಡಿದು ನಿಂತಾಗ ಇರುವ ಮುಖವೇ.

“ಹೆಂಗೆ ಹೇಳ್ತೀಯೋ?” ಚಂದ್ರಣ್ಣ ಕೇಳಿದ.

“ಬ್ಯಾಗಿನ ಜಿಪ್ಪು ಹಾಕ್ತಿದಾರೆ, ತೆಗೀತಿದಾರೆ. ನನ್ನ ಪಿಯುಸಿ ರಿಸಲ್ಟ್ ದಿನಾನೂ ಹಾಗೇ ಮಾಡಿದ್ರು. ನನಗೂ ಭಯ ಆಗಿದೆ. ನಿಮಗೆ?”

ಚಂದ್ರಣ್ಣ ಎದೆಯ ಮೇಲಿದ್ದ ಕೈ ಇಳಿಸಿದ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ. “ನಂಗೂ ಭಯನೇ ಕಣೋ” ಅಂದ. ದನಿ ಬೇರೆಯಾಗಿತ್ತು. “ಜನ ನಗ್ತಾರೆ. ಇವನಂಗಡೀಲಿ ಎಲ್ಲ ನಾಟಕ ಅಂತಾರೆ. ಆಮೇಲೆ ಯಾರು ಬರ್ತಾರೆ?”

“ನಾನು ಹೋದ್ರೆ ನಿಮಗೆ ಬೇಜಾರಾಗುತ್ತಾ?”

“ಆಗುತ್ತಪ್ಪ. ಆಗದೆ ಏನು?”

“ನನಗೂ ಆಗುತ್ತೆ. ಮತ್ತೆ ಯಾಕೆ ಹೋಗಬೇಕು?”

ಚಂದ್ರಣ್ಣ ಪಕ್ಕದಲ್ಲಿದ್ದ ಸೀರೆಯ ಅಂಚು ಸರಿಮಾಡತೊಡಗಿದ. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ. ಸುಮನಾ ಏನೂ ಬರೆದುಕೊಳ್ಳುತ್ತಿರಲಿಲ್ಲ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು.

ಪ್ರದೀಪ ಮಹಡಿ ಮೆಟ್ಟಿಲ ಕಡೆ ಕೈ ತೋರಿಸಿದ. ತಾನೇ ಹೇಳಿದ: “ಮೇಲೆ ಮಹಡೀಲಿ ಸ್ಕೂಲ್ ಯೂನಿಫಾರಂ, ಟವೆಲ್, ಲುಂಗಿ ಇದೆ. ಅಲ್ಲಿ ರೇಟು ಬರೆದಿದೆ, ಯಾರೂ ಚೌಕಾಸಿ ಮಾಡಲ್ಲ. ಗಿರಾಕಿ ಇರೋವಾಗ ನಾನು ಅಲ್ಲಿರ್ತೀನಿ. ನೀವು ಕೆಳಗೆ ನಷ್ಟ ಅಂತ ಹೇಳ್ಕೊಳ್ಳಿ. ಗಿರಾಕಿ ಹೋದ್ಮೇಲೆ ಕೆಳಗೆ ಬಂದು ಸೀರೆ ಮಡಿಸ್ತೀನಿ. ಆದರೆ ನಿಮಗೆ ನಿಜವಾಗ್ಲೂ ಏನಾದ್ರೂ ಆದ್ರೆ ನನ್ನ ಹೆಸರು ಹಿಡಿದು ಕರೀಬೇಕು. ಸುಮ್ಮನೆ ನಷ್ಟ ಅಂದ್ರೆ ನಾನು ಬರ್ಲಾ ಬೇಡ್ವಾ ಅಂತ ಗೊತ್ತಾಗಲ್ಲ.”

ಇಷ್ಟು ಹೊತ್ತು ನಾನು ಮದುವೆ ಜವಳಿಯ ಆಸೆ ತೋರಿಸುತ್ತಿದ್ದೆ. ಈ ಹುಡುಗ ತನ್ನ ಕೆಲಸ ಕೇಳುವಾಗಲೂ ಯಜಮಾನನ ಎದೆನೋವಿಗೊಂದು ದಾರಿ ಇಟ್ಟುಕೊಂಡು ಕೇಳಿದ.

ಚಂದ್ರಣ್ಣ ಮಹಡಿ ಮೆಟ್ಟಿಲ ಕಡೆ ನೋಡಿದ. ಮೂಗು ಉಜ್ಜಿಕೊಂಡ. “ಆಯ್ತು, ನಾಳೆ ಬಾ” ಅಂದ.

“ಇದು ವ್ಯಾಪಾರದ ಮಾತಾ?”

“ಅಲ್ಲ ಕಣೋ.”

ಗೌರಮ್ಮನ ಜಿಪ್ಪಿನ ಸದ್ದು ನಿಂತಿತು. ಅದು ಅಷ್ಟು ಹೊತ್ತೂ ಸದ್ದು ಮಾಡುತ್ತಿತ್ತು ಎಂದು ನನಗೆ ಗೊತ್ತಾದದ್ದು ನಿಂತ ಮೇಲೆ.

ಪ್ರದೀಪ ತಲೆಯಾಡಿಸಿ, ಅರೇಹಳ್ಳಿಯ ಹೆಂಗಸಿನ ಮುಂದೆ ಚೆಲ್ಲಾಪಿಲ್ಲಿಯಾಗಿದ್ದ ಸೀರೆಗಳನ್ನು ಒಂದೊಂದಾಗಿ ನೇರ ಮಾಡಿದ. “ಇಲ್ಲಿ ಈಗ ಯಾರಿಗೂ ಕೋಪ ಇಲ್ಲ ಅಮ್ಮ. ನೀವು ರೇಟು ಕೇಳಿ” ಎಂದು ಹೇಳಿ, ಮಹಡಿ ಹತ್ತಿ ಹೋದ.